ಮೆಕ್ಕೆಜೋಳದ ಮರೆಯ ಸೆಲೆರಿ

ಬೇಯಿಸಿದ ಬೀಟ್‌ರೂಟಿನ ಸಿಪ್ಪೆ ಜಾರಿಸುತ್ತಾ ನಿಂತಿದ್ದ ಲಿಡಿಯಾನ್ ತಲೆಯೆತ್ತಿ ನೋಡಿದರೆ, ಅಡುಗೆಮನೆಯ ಕಿಟಕಿಯಾಚೆ ಒಬ್ಬ ಗಡ್ಡದ ಗಂಡಸು ಅವಳದೇ ಗೋಡೆಗೆ ಅಳತೆಪಟ್ಟಿ ಹಿಡಿದುಕೊಂಡು ನಿಂತಿದ್ದಾನೆ! ಬಾಗಿಲು ತಟ್ಟಿಲ್ಲ, ಒಳಗೆ ಯಾರಾದರೂ ಇದ್ದೀರಾ ಅಂತ ಕೂಗಿಲ್ಲ. ಅವಳ ಪುದೀನದ ಮಡಿಯ ಮೇಲೆ ಬೂಟುಗಾಲು ಊರಿ, ಹಲ್ಲಿನಲ್ಲಿ ಪೆನ್ಸಿಲ್ಲು ಕಚ್ಚಿಕೊಂಡು, ತನ್ನ ಮಾವನ ಮನೆಯೇನೋ ಎಂಬಂತೆ ಅಳೆಯುತ್ತಿದ್ದಾನೆ. ಊರಿನ ಬಡಗಿ. ಲಿಡಿಯಾನ್ ಕೆಂಪು ಕೈಯಲ್ಲೇ ಕಿಟಕಿ ಮೇಲೆತ್ತಿದಳು.

"ಏನಪ್ಪಾ ಅದು ಅಳೀತಿರೋದು?"

"ಇಲ್ಲೊಂದು ಕೋಣೆ ಸೇರಿಸ್ಬೇಕಂತೆ. ನಿನ್ನ ತಮ್ಮ ಎಲಾಮ್ ಹೇಳಿದ್ದು. ಅವನ ಮಗ ಓಮರು ಹೆಂಡ್ತಿ ಕರ್ಕೊಂಡು ಈ ಮನೆಗೆ ಬರ್ತಾನಲ್ಲ."

"ಈ ಮನೆಗಾ? ಈ ಮನೇಲಿ ನಾನಿದೀನಲ್ಲ!"

"ಈಗ ಇದೀಯ," ಎಂದ ಬಡಗಿ, ಗಡ್ಡದೊಳಗೇ ನಗುತ್ತಾ. "ಮುಂದಿಂದು ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ? ನಮ್ಮನೆಯವ್ಳು ನಿನ್ನೇನೇ ಬಂದು ಸೆಲೆರಿ ನೋಡ್ಕೊಂಡು ಹೋದ್ಳು. ಏನ್ ಚೆನ್ನಾಗಿ ಬಂದಿದೆಯಂತೆ! ಬೆನ್ಯುಯೆಲ್ ಪುಣ್ಯವಂತ ಬಿಡು."

ಲಿಡಿಯಾನಳ ಕೈಯಲ್ಲಿದ್ದ ಬೀಟ್‌ರೂಟು ಜಾರಿ ಪುದೀನದ ಮಡಿಗೆ ಬಿತ್ತು. ಬಡಗಿ ಅದನ್ನೂ ದಾಟಿಕೊಂಡು ಮುಂದಿನ ಗೋಡೆಗೆ ಹೋದ.

ಅಮೆರಿಕದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಕಾರು, ಕರೆಂಟು ಬಿಟ್ಟು ಹಳೇ ಕ್ರೈಸ್ತ ಕಟ್ಟಳೆಯಲ್ಲಿ ಬದುಕುವ ನಮ್ಮ ಆಮಿಶ್ ಜನರಲ್ಲಿ ನಲವತ್ತಾರು ವರ್ಷದ ಮದುವೆಯಾಗದ ಹೆಣ್ಣು ಅಂದರೆ ಎಲ್ಲರಿಗೂ ಅನುಕೂಲ. ತಂಗಿಯ ಬಾಣಂತನಕ್ಕೆ ಲಿಡಿಯಾನ್, ಅತ್ತಿಗೆಯ ಜ್ವರಕ್ಕೆ ಲಿಡಿಯಾನ್, ಶಾಲೆಯ ಟೀಚರಮ್ಮ ಮದುವೆಯಾಗಿ ಹೋದರೆ ಮುಂದಿನವಳು ಸಿಗುವವರೆಗೆ ಮಕ್ಕಳಿಗೆ ಮಗ್ಗಿ ಹೇಳಿಕೊಡಲಿಕ್ಕೆ ಲಿಡಿಯಾನ್. ಅಪ್ಪ ಜಮೀನನ್ನು ಕಿರಿಮಗ ಎಲಾಮನಿಗೆ ಬಿಟ್ಟು, ದೊಡ್ಡಮನೆಗೆ ಅಂಟಿಕೊಂಡಂತೆ ವಯಸ್ಸಾದವರಿಗೆಂದೇ ಕಟ್ಟಿದ ಈ ಅಜ್ಜನ ಮನೆಗೆ ಬಂದಾಗ ಜೊತೆಗೆ ಬಂದವಳೂ ಇವಳೇ. ಅಮ್ಮನನ್ನು ಮಗ್ಗುಲು ಹೊರಳಿಸಿದವಳು ಇವಳು, ಅಪ್ಪನಿಗೆ ಗಂಜಿ ಕುಡಿಸಿದವಳು ಇವಳು. ಅಪ್ಪ ಹೋಗುವ ಮುಂಚೆ ಎಲಾಮನನ್ನು ಮಂಚದ ಹತ್ತಿರ ಕರೆದು, "ಲಿಡಿ ಇರೋವರ್ಗೂ ಈ ಮನೆ ಅವ್ಳದು. ರಸ್ತೆ ಬದಿ ಅಂಗಡೀನೂ ಅವ್ಳದು," ಎಂದಿದ್ದ. ಎಲಾಮ್ ತಲೆಯಾಡಿಸಿದ್ದ. ನಮ್ಮಲ್ಲಿ ಅಪ್ಪಂದಿರು ಹಾಗೆ ಹೇಳಿದರೆ ಕಾಗದ ಪತ್ರ ಯಾರೂ ಕೇಳುವುದಿಲ್ಲ, ಮಾತಾಯಿತು, ಮುಗಿಯಿತು.

ಆ ಅಂಗಡಿಯನ್ನು ಅವಳು ಒಂದು ಹಳೇ ಕೋಳಿಗೂಡಿನಲ್ಲಿ ಶುರು ಮಾಡಿದ್ದು. ಈಗ ಬಿಳಿ ಬಣ್ಣ ಬಳಿದ ಕಟ್ಟೆ, ಅದರ ಮೇಲೆ ಬೀಟ್‌ರೂಟಿನ ಉಪ್ಪಿನಕಾಯಿ, ಸೇಬು ಕುದಿಸಿ ಗಟ್ಟಿಮಾಡಿದ ಸೇಬಿನ ಬೆಣ್ಣೆ, ಒಣ ಶಾವಿಗೆ, ಹಿಟ್ಟಿನ ತಟ್ಟೆಗೆ ಕಾಕಂಬಿ ಸುರಿದು ಬೇಯಿಸಿದ ಪೈ. ಬೇಸಿಗೆಯಲ್ಲಿ ಐಸು ಹಾಕಿದ ತೊಟ್ಟಿಯಲ್ಲಿ ಅಮಲಿಲ್ಲದ ಸಿಹಿ ಪಾನೀಯವಾದ ರೂಟ್‌ಬಿಯರ್ ಬಾಟಲಿಗಳು. ಇಂಗ್ಲಿಷರು, ಅಂದರೆ ನಮ್ಮವರಲ್ಲದ ಎಲ್ಲರೂ, ಕಾರು ನಿಲ್ಲಿಸಿ ಕೊಂಡುಕೊಂಡು ಹೋಗುತ್ತಿದ್ದರು. ಸಂಜೆ ಕಟ್ಟೆ ಒರೆಸಿ ಬಾಗಿಲು ಹಾಕುವಾಗ ಲಿಡಿಯಾನಳಿಗೆ ಒಂದು ಖುಷಿ ಆಗುತ್ತಿತ್ತು. ಹೆಮ್ಮೆ ಪಾಪ ಅಂತ ಸಭೆಯಲ್ಲಿ ಹೇಳುವುದರಿಂದ ಅದಕ್ಕೆ ಅವಳು ಹೆಸರಿಟ್ಟಿರಲಿಲ್ಲ.

ಇನ್ನು ಈ ಹಾಳು ಸೆಲೆರಿಯ ಕಥೆ, ದಂಟಿಗೆಂದೇ ಬೆಳೆಯುವ ಒಂದು ಸೊಪ್ಪಿನ ಕಥೆ.

ನಮ್ಮ ಮದುವೆಗಳೆಲ್ಲ ಸುಗ್ಗಿ ಮುಗಿದ ಮೇಲೆ, ನವೆಂಬರಿನಲ್ಲಿ. ಊಟಕ್ಕೆ ಕೋಳಿಯ ಜೊತೆ ಕೆನೆ ಹಾಕಿದ ಸೆಲೆರಿ ಪಲ್ಯ ಇರಲೇಬೇಕು, ಮೇಜಿನ ಉದ್ದಕ್ಕೂ ಗಾಜಿನ ಹೂಜಿಗಳಲ್ಲಿ ಹೂವಿನ ಬದಲು ಸೆಲೆರಿ ದಂಟೇ ನಿಲ್ಲಬೇಕು. ಮುನ್ನೂರು ನಾನೂರು ಜನ ಉಣ್ಣುವ ಮದುವೆಗೆ ಎಷ್ಟು ಸೆಲೆರಿ ಬೇಕು ಲೆಕ್ಕ ಹಾಕಿ! ಆದರೆ ಹುಡುಗ ಹುಡುಗಿ ಒಪ್ಪಿಕೊಂಡ ಸುದ್ದಿ ಮಾತ್ರ ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಳ್ಳುವ ಅಕ್ಟೋಬರಿನ ಪ್ರಭುಭೋಜನ ಮುಗಿದು, ಸಭೆಯ ಸೇವಕನಾದ ಡೀಕನ್ ಎದ್ದುನಿಂತು ಸಭೆಯಲ್ಲಿ ಸಾರುವವರೆಗೆ ಪರಮ ಗುಟ್ಟು. ಕೇಳಿದರೆ ಹುಡುಗಿ ಇಲ್ಲ ಅನ್ನಬೇಕು, ಅವಳಮ್ಮನೂ ಇಲ್ಲ ಅನ್ನಬೇಕು. ಹಾಗಾಗಿ ಬೇಸಿಗೆಯಿಡೀ ಹೆಂಗಸರು ಪಕ್ಕದ ಮನೆಯ ಹಿತ್ತಿಲಿಗೆ ಇಣುಕಿ ಇಣುಕಿ, ಯಾರ ಮನೆಯಲ್ಲಿ ಸೆಲೆರಿ ಜಾಸ್ತಿ ಅಂತ ನೋಡುತ್ತಿರುತ್ತಾರೆ.

ಲಿಡಿಯಾನಳ ಬಾಲ್ಯದ ಗೆಳತಿ ಸುವಿಲ್ಲಾಳ ಹಿತ್ತಿಲು ಇರುವುದು ನಾಲ್ಕು ರಸ್ತೆ ಕೂಡುವಲ್ಲಿ. ಅಲ್ಲಿ ಒಂದು ಮೂಲಂಗಿ ಹೆಚ್ಚಾಗಿ ಬಿತ್ತಿದರೂ ಸಂಜೆಯೊಳಗೆ ಸಭೆಗೆಲ್ಲ ಗೊತ್ತು. ಜೂನ್ ತಿಂಗಳಲ್ಲಿ ಸುವಿಲ್ಲಾ ಮಗಳ ಸುದ್ದಿ ಹೊತ್ತು ಓಡಿಬಂದು ಕೈ ಹಿಡಿದುಕೊಂಡಿದ್ದಳು. "ಲಿಡೀ, ನಮ್ಮ ರೂತಿಗೆ ಮದ್ವೆ ಗೊತ್ತಾಗಿದೆ ಕಣೇ. ನವೆಂಬರಲ್ಲೇ. ಸೆಲೆರಿ ನಿನ್ನ ಅಂಗಡಿ ಹಿಂದೆ ಹಾಕ್ಕೊಡ್ತೀಯಾ? ಸುತ್ತ ಮೆಕ್ಕೆಜೋಳ ಇದೆ, ಯಾರಿಗೂ ಕಾಣಲ್ಲ. ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಮಾತು ಕೊಡು."

ಲಿಡಿಯಾನ್ ಮಾತು ಕೊಟ್ಟಳು. ಉದ್ದುದ್ದ ಸಾಲು ಹಾಕಿದಳು, ನೀರು ಹೊತ್ತಳು, ದಂಟು ಬೆಳ್ಳಗಾಗಲಿ ಅಂತ ಒಂದೊಂದಕ್ಕೂ ಕಾಗದ ಸುತ್ತಿ ಮಣ್ಣು ಏರಿಸಿದಳು. ಇಬ್ಬರು ಹೆಂಗಸರೂ ರೈತರ ಮಕ್ಕಳೇ. ಆದರೂ ಇಬ್ಬರಿಗೂ ಹೊಳೆಯದೆ ಹೋದ ಒಂದು ಸಂಗತಿಯಿತ್ತು. ಸೆಪ್ಟೆಂಬರ್ ಬಂದರೆ ದನಗಳ ಮೇವಿಗೆ ಆ ಜೋಳ ಕೊಯ್ಯುತ್ತಾರೆ!

ಕೊಯ್ದರು. ಸುತ್ತಮುತ್ತಲ ಮನೆಗಳ ಗಂಡಸರೆಲ್ಲ ಕುದುರೆ ಕಟ್ಟಿಕೊಂಡು ಬಂದು ಮುಯ್ಯಿಗೆ ಕೊಯ್ದುಕೊಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಜೋಳದ ಗೋಡೆ ಮಾಯವಾಗಿ, ಲಿಡಿಯಾನಳ ಸೆಲೆರಿ ಸಾಲುಗಳು ಬಿಸಿಲಿಗೆ ತಳತಳ ಅನ್ನುತ್ತಾ ರಸ್ತೆಗೆ ಕಾಣಿಸಿದವು. ಆ ಮನೆಯಲ್ಲಿ ಇರುವ ಹೆಣ್ಣು ಒಬ್ಬಳೇ. ಅವಳ ಅಂಗಡಿಗೆ ವಾರವಾರ ಬರುವ, ಹೆಂಡತಿ ಸತ್ತ ಗಂಡಸೂ ಒಬ್ಬನೇ: ಕುದುರೆಯ ಜೀನು, ಲಗಾಮು ಹೊಲಿಯುವ ಬೆನ್ಯುಯೆಲ್. ಎತ್ತು ಈಯಿತು ಅಂದಕೂಡಲೇ ಕೊಟ್ಟಿಗೆಗೆ ಕಟ್ಟುವ ಜನಕ್ಕೆ ಇಷ್ಟು ಸಾಲದೇ!

ಬಡಗಿ ಗೋಡೆ ಅಳೆದುಹೋದ ದಿನ ಹಾಲು ಕರೆಯುವ ಹೊತ್ತಿಗೆ ಲಿಡಿಯಾನ್ ಕೊಟ್ಟಿಗೆಗೇ ನುಗ್ಗಿದಳು. ಎಲಾಮ್ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಹೆಂಡತಿ ಮಲಿಂಡಾ ಹಾಲಿನ ಕ್ಯಾನು ತೊಳೆಯುತ್ತಿದ್ದಳು.

"ಎಲಾಮ್, ನನ್ನ ಮನೆ ಗೋಡೆ ಅಳೆಸೋಕೆ ನಿಂಗ್ಯಾರು ಹೇಳಿದ್ದು?"

"ಅಕ್ಕಾ, ಕೂಗ್ಬೇಡ, ಹಸು ಬೆಚ್ಚುತ್ತೆ. ಓಮರು ಮಾವನ ಮನೆ ಅಟ್ಟದಲ್ಲಿ ಎಷ್ಟು ದಿನಾಂತ ಇರ್ತಾನೆ? ಮಗು ಬೇರೆ ಬರ್ತಿದೆ. ಹೇಗೂ ನೀನು ಬೆನ್ಯುಯೆಲ್ ಮನೆಗೆ..."

"ನಾನು ಯಾರ ಮನೆಗೂ ಹೋಗ್ತಿಲ್ಲ. ನಂಗೆ ಮದ್ವೆ ಇಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. "ಎಲ್ರೂ ಹಾಗೇ ಅನ್ನೋದು," ಎಂದಳು ಮಲಿಂಡಾ. "ನಾನೂ ಅಂದಿದ್ದೆ. ಡೀಕನ್ ಸಾರೋ ಹಿಂದಿನ ದಿನಾನೂ ನಮ್ಮ ಚಿಕ್ಕಮ್ಮನ ಹತ್ರ ಆಣೆ ಒಂದ್ ಇಡ್ಲಿಲ್ಲ ಅಷ್ಟೆ!"

"ನಾನು ನಿಜ ಹೇಳ್ತಿದೀನಿ, ಮಲಿಂಡಾ."

"ಮತ್ತೆ ಆ ಸೆಲೆರಿ ಯಾರ ಮದ್ವೆಗೆ?"

ಲಿಡಿಯಾನ್ ಹೇಳುವುದು ಹೇಗೆ? ಮಾತು ಕೊಟ್ಟಿದ್ದಳಲ್ಲ! ಇಲ್ಲ ಎಂದಷ್ಟೂ ಹೌದು ಎಂದಾಗುತ್ತದೆ, ಹೇಳೋಣವೆಂದರೆ ಗೆಳತಿಯ ಗುಟ್ಟು ಒಡೆಯುತ್ತದೆ.

"ನೋಡಿದ್ಯಾ, ಮುಖ ಹೇಗೆ ಕೆಂಪಾಯ್ತು!" ಎಂದ ಎಲಾಮ್ ಪ್ರೀತಿಯಿಂದಲೇ. ಸಿಟ್ಟಿಗೆ ಕೆಂಪಾದ ಮುಖವನ್ನು ನಾಚಿಕೆ ಅಂತ ತಿಳಿದುಕೊಂಡ ಆ ಪ್ರೀತಿಗೆ ಲಿಡಿಯಾನ್ ಹಾಲಿನ ಕ್ಯಾನನ್ನೇ ಒದೆಯುತ್ತಿದ್ದಳೇನೋ. ನಮ್ಮಲ್ಲಿ ಹೆಂಗಸರು ಒದೆಯುವುದಿಲ್ಲ. "ಅಪ್ಪ ಏನ್ ಹೇಳಿದ್ರು ನೆನಪಿದ್ಯಾ?" ಎಂದಷ್ಟೇ ಕೇಳಿದಳು.

"ನೀನಿರೋವರ್ಗೂ ಅಂದ್ರು. ನೀನೇ ಇರಲ್ವಲ್ಲ ಅಕ್ಕಾ! ಅಂಗ್ಡೀನೂ ಓಮರ್ ಹೆಂಡ್ತಿ ನೋಡ್ಕೋತಾಳೆ, ಚಿಂತೆ ಬಿಡು."

ಮಾರನೇ ದಿನದಿಂದ ಅಂಗಡಿಗೆ ಬಂದವರೆಲ್ಲ ಉಪ್ಪಿನಕಾಯಿಯ ಜೊತೆ ಒಂದೊಂದು ಕಿರುನಗೆ ಇಟ್ಟುಹೋದರು. ಒಬ್ಬಳು ತಾಟು ಬಟ್ಟಲು ಬಾಡಿಗೆಗೆ ಬೇಕಾ ಅಂದಳು. ಪ್ರವಾಸಿ ಬಸ್ಸಿನಿಂದ ಇಳಿದ ಒಬ್ಬ ಇಂಗ್ಲಿಷ್ ಹೆಂಗಸು ಅಂಗಡಿಯ ಹಿಂದಿನ ಸಾಲುಗಳನ್ನು ನೋಡಿ, "ಸೆಲೆರಿ! ಅಂದ್ರೆ ಮದುವೆ ಅಲ್ವಾ? ನಮ್ಮ ಗೈಡು ಈಗಷ್ಟೇ ಹೇಳಿದ್ರು. ಶುಭವಾಗ್ಲಿ!" ಎಂದು ಕೈಕುಲುಕಿಯೇ ಬಿಟ್ಟಳು. ಬಸ್ಸಿನವರಿಗೂ ಗೊತ್ತು, ಬಡಗಿಗೂ ಗೊತ್ತು, ಮದುಮಗಳೊಬ್ಬಳಿಗೆ ಗೊತ್ತಿಲ್ಲ!

ಶುಕ್ರವಾರ ಬೆನ್ಯುಯೆಲ್ ಬಂದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಬೀಟ್‌ರೂಟಿನ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಜನ ಏನೋ ಹೇಳ್ತಿದಾರೆ," ಎಂದ.

"ನೀನೇನಂದೆ?"

"ಇಲ್ಲಾಂದೆ. ಇಲ್ಲಾಂದಿದ್ದಕ್ಕೆ ಬೆನ್ನು ತಟ್ಟಿದ್ರು. ಆಣೆಗೂ ಇಲ್ಲಾನ್ನೋಣ ಅಂದ್ರೆ ಆಣೆ ಮಾಡೋಹಾಗಿಲ್ವಲ್ಲ ನಮ್ಮಲ್ಲಿ." ಬೆನ್ಯುಯೆಲ್ ಕೆಮ್ಮಿದ. "ಆದ್ರೂ ಲಿಡಿಯಾನ್, ಹೇಗೂ ಇಡೀ ಸಭೇನೇ ಒಪ್ಪಿದೆ. ನೀನು ಒಪ್ತೀಯಾ?"

"ಇಲ್ಲ, ಬೆನ್ಯುಯೆಲ್."

"ಸರಿ ಹಾಗಾದ್ರೆ." ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ಗಾಡಿಯತ್ತ ನಡೆದ. ಅವನ ಮೇಲೆ ಮಾತ್ರ ಲಿಡಿಯಾನಳಿಗೆ ಸಿಟ್ಟು ಬರಲಿಲ್ಲ. ಅಷ್ಟು ಜನರಲ್ಲಿ ಕೇಳಿದವನು ಅವನೊಬ್ಬನೇ ಆಗಿದ್ದ.

ಆಮೇಲೆ ಬಂದವಳು ಸುವಿಲ್ಲಾ, ಕಣ್ಣಲ್ಲಿ ನೀರು. "ಲಿಡೀ, ನನ್ನಿಂದ ನಿಂಗೆ ಎಂಥಾ ಫಜೀತಿ! ಆದ್ರೆ ಇನ್ನೇನು ಪ್ರಭುಭೋಜನ ಬಂದೇಬಿಡ್ತು, ಅದಾದ್ಮೇಲೆ ಡೀಕನ್ ಸಾರ್ತಾರೆ. ಅಲ್ಲೀವರ್ಗೂ ತಡ್ಕೊಳ್ಳೇ."

"ಅಷ್ಟ್ರಲ್ಲಿ ಬಡಗಿ ನನ್ನ ಗೋಡೆ ಒಡೀತಾನೆ. ಮರ ಬಂದು ಅಂಗಳದಲ್ಲಿ ಬಿದ್ದಿದೆ. ಓಮರ್ ಹೆಂಡ್ತಿ ನಿನ್ನೆ ಬಂದು ನನ್ನ ಒಲೆ ಎಲ್ಲಿ ಎತ್ತಿಡ್ಬೇಕು ಅಂತ ನೋಡ್ಕೊಂಡು ಹೋದ್ಳು. ಎಲಾಮನಿಗೊಬ್ಬನಿಗೆ ಹೇಳ್ಬಿಡು, ಸುವಿಲ್ಲಾ. ನೀನೇ ಹೇಳು."

"ಅಯ್ಯೋ, ಎಲಾಮನಿಗೆ ಹೇಳಿದ್ರೆ ಮಲಿಂಡಾಗೆ ಹೇಳ್ದಂಗೆ, ಮಲಿಂಡಾಗೆ ಹೇಳಿದ್ರೆ ಕುದುರೆಗಳಿಗೂ ಗೊತ್ತಾಗುತ್ತೆ! ರೂತು ಅತ್ತುಬಿಡ್ತಾಳೆ."

"ರೂತು ಅಳ್ತಾಳೆ ಅಂತ ನಾನು ಮನೆ ಬಿಡ್ಬೇಕಾ?"

ಸುವಿಲ್ಲಾ ಸೊಂಟಕ್ಕೆ ಕಟ್ಟಿದ ಏಪ್ರನ್ನಿನ ತುದಿಯಲ್ಲಿ ಮೂಗು ಒರೆಸಿಕೊಂಡಳು. ಲಿಡಿಯಾನ್ ಅವಳನ್ನೇ ನೋಡಿದಳು. "ಹೋಗು. ಕೊಟ್ಟ ಮಾತು ನಾನು ಮುರಿಯಲ್ಲ. ಆದ್ರೆ ಸೆಲೆರಿ ವಿಷ್ಯದಲ್ಲಿ ಮಾತ್ರ ನಾನು ಬಾಯಿ ಮುಚ್ಕೊಂಡಿರ್ತೀನಿ ಅಂದಿದ್ದು. ನನ್ನ ಮನೆ ವಿಷ್ಯದಲ್ಲಿ ನಿಂಗೆ ನಾನೇನೂ ಮಾತು ಕೊಟ್ಟಿಲ್ಲ."

ಪ್ರಭುಭೋಜನಕ್ಕೆ ಎರಡು ವಾರ ಮುಂಚೆ ಬರುವುದು ಆಲೋಚನಾ ಸಭೆ. ದೀಕ್ಷಾಸ್ನಾನ ಆದವರೆಲ್ಲ ಒಂದೇ ಮನೆಯಲ್ಲಿ, ಬೆನ್ನಿಗೆ ಆಸರೆಯಿಲ್ಲದ ಬೆಂಚುಗಳ ಮೇಲೆ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಬೆಳಗಿನಿಂದ ಸಂಜೆತನಕ. ಬಿಷಪ್ ಗಿಡಿಯನ್ ನಮ್ಮ ಕಟ್ಟಳೆಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಆಮೇಲೆ ಬೋಧಕರು ಸಾಲು ಸಾಲಾಗಿ ನಡೆದು ಒಬ್ಬೊಬ್ಬರನ್ನೂ ಕೇಳುತ್ತಾರೆ: ದೇವರ ಜೊತೆ, ಸಭೆಯ ಜೊತೆ ಸಮಾಧಾನದಲ್ಲಿದ್ದೀಯಾ? ಎಲ್ಲರೂ ಸಮಾಧಾನದಲ್ಲಿದ್ದರೆ ಪ್ರಭುಭೋಜನ. ಇಲ್ಲವಾದರೆ ಅದು ಸರಿಹೋಗುವವರೆಗೆ ಯಾರಿಗೂ ಇಲ್ಲ. ಪ್ರಭುಭೋಜನ ಇಲ್ಲದಿದ್ದರೆ ಸಾರುವುದಿಲ್ಲ. ಸಾರದಿದ್ದರೆ ಯಾರ ಮದುವೆಯೂ ಇಲ್ಲ. ಆದ್ದರಿಂದ ಎಲ್ಲರೂ "ಇದ್ದೀನಿ" ಅಂದುಬಿಡುತ್ತಾರೆ. ಸಂಜೆಯಾಗಿರುತ್ತದೆ, ಬೆನ್ನು ನೋಯುತ್ತಿರುತ್ತದೆ, ಮನೆಯಲ್ಲಿ ಹಸು ಕರೆಯಬೇಕು.

"ಇದ್ದೀನಿ," ಎಂದಳು ಮಲಿಂಡಾ.

"ಇದ್ದೀನಿ," ಎಂದಳು ಸುವಿಲ್ಲಾ, ಕೇಳಿಸದಷ್ಟು ಮೆಲ್ಲಗೆ.

"ಇಲ್ಲ," ಎಂದಳು ಲಿಡಿಯಾನ್.

ಬೋಧಕ ಮುಂದಿನವಳ ಹತ್ತಿರ ಹೋಗಿಯೇಬಿಟ್ಟಿದ್ದ. ತಿರುಗಿ ಬಂದ. "ಏನಂದೆ?"

"ನಾನು ಸಮಾಧಾನದಲ್ಲಿಲ್ಲ. ನನ್ನ ತಮ್ಮ ಎಲಾಮನ ಜೊತೆ ಇಲ್ಲ."

ಗಂಡಸರ ಕಡೆ ಬೆಂಚು ಕಿರ್ ಅಂದಿತು. ಹೆಂಗಸರ ಬಿಳಿ ಟೋಪಿಗಳೆಲ್ಲ ಒಟ್ಟಿಗೇ ತಿರುಗಿದವು. ಸುವಿಲ್ಲಾಳ ಮುಖ ಸೆಲೆರಿ ದಂಟಿಗಿಂತ ಬಿಳುಪಾಯಿತು. ಲಿಡಿಯಾನ್ ಮಾತ್ರ ತನ್ನ ಕೈಗಳನ್ನು ನೋಡಿಕೊಂಡು ಕೂತಳು. ಬೀಟ್‌ರೂಟಿನ ಕೆಂಪು ಇನ್ನೂ ಉಗುರಿನ ಸಂದಿಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಬಿಷಪ್ ಗಿಡಿಯನ್ ಅವಳ ಅಡುಗೆಮನೆಗೆ ಬಂದರು. ಎಲಾಮನನ್ನೂ ಕರೆದು ಎದುರಿಗೆ ಕೂರಿಸಿದರು. ಮುದುಕರು, ಬಾಯಲ್ಲಿ ಹಲ್ಲು ಕಮ್ಮಿ, ಕಣ್ಣು ಮಾತ್ರ ಚುರುಕು. ಲಿಡಿಯಾನ್ ಕಾಫಿ ಕೊಟ್ಟಳು, ಪೈ ಕತ್ತರಿಸಿ ಇಟ್ಟಳು. ಸಿಟ್ಟು ಅಂತ ಅತಿಥಿಗೆ ಪೈ ಕೊಡದಿರಲಾಗುತ್ತದೆಯೇ!

"ಹೇಳಮ್ಮ," ಎಂದರು.

"ಗಿಡಿಯನಣ್ಣ, ನನ್ನ ಮನೇನ ಇವ್ನು ಓಮರನಿಗೆ ಕೊಟ್ಟಿದಾನೆ. ನನ್ನ ಕೇಳ್ಲಿಲ್ಲ."

"ಅವ್ಳು ಮದ್ವೆ ಆಗ್ತಾಳೆ ಅಂತ ಕೊಟ್ಟೆ!" ಎಲಾಮ್ ಎರಡೂ ಕೈ ಎತ್ತಿದ. "ನಾನೇನ್ ಕಳ್ಳನಾ? ಊರಿಗೆಲ್ಲ ಗೊತ್ತು. ಆ ಸೆಲೆರಿ ನೋಡಿ ನೀವೇ ಹೇಳಿ!"

ಬಿಷಪ್ ಕಿಟಕಿಯಾಚೆ ನೋಡಿದರು. ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಿನಲ್ಲೇ ಅಳೆದರು. "ಚೆನ್ನಾಗೇ ಬಂದಿದೆ. ಯಾರದಮ್ಮ ಇದು?"

"ಅದನ್ನ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಬಿಷಪ್ಪಿಗೂ ಹೇಳಲ್ವಾ?"

"ಮಾತು ಕೊಡುವಾಗ ಬಿಷಪ್ಪಿಗೆ ಬಿಟ್ಟು ಅಂತ ಹೇಳಿರ್ಲಿಲ್ಲ."

ಗಿಡಿಯನ್ ಪೈಯ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದರು. ನಾಲ್ಕು ದಿನದ ಹಿಂದೆ ಸುವಿಲ್ಲಾಳ ಗಂಡ ಗುಟ್ಟಾಗಿ ಬಂದು ಮಗಳ ಮದುವೆಯ ತಾರೀಖು ಕೇಳಿ ಹೋಗಿದ್ದ. ಅವರಿಗೆ ಲೆಕ್ಕ ಕೂಡಿರಬೇಕು. ಆದರೂ ತುಟಿಪಿಟಕ್ಕೆನ್ನಲಿಲ್ಲ.

"ಹಾಗಾದ್ರೆ ನಿಂದಲ್ಲ," ಎಂದ ಎಲಾಮ್, ಈಗಷ್ಟೇ ನಿದ್ದೆಯಿಂದ ಎದ್ದವನಂತೆ. "ನಿಂದಲ್ದೇ ಇದ್ರೆ ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕಾ? ಇಷ್ಟೆಲ್ಲಾ ರಾದ್ಧಾಂತ ಯಾಕೆ?"

ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದ ಲಿಡಿಯಾನ್ ಎದ್ದುನಿಂತಳು. "ಹೇಳಿದೆ! ಕೊಟ್ಟಿಗೇಲಿ ನಿಂತು ಹೇಳಿದೆ, ನೀವಿಬ್ರೂ ನಕ್ಕಿರಿ. ಅದು ಬಿಡು. ನಂದೇ ಅಂತ ಇಟ್ಕೋ. ನಾಳೆ ಬೆಳಿಗ್ಗೆ ನಾನು ಬೆನ್ಯುಯೆಲ್ ಕೈ ಹಿಡಿಯೋಳೇ ಅಂತ ಇಟ್ಕೋ. ಆಗಾದ್ರೂ ಬಂದು 'ಅಕ್ಕಾ, ನೀನು ಹೋದ್ಮೇಲೆ ಈ ಮನೇನ ಓಮರನಿಗೆ ಕೊಡ್ಲಾ' ಅಂತ ಒಂದು ಮಾತು ಕೇಳ್ಬೇಕಿತ್ತೋ ಇಲ್ವೋ? ದನದ ವ್ಯಾಪಾರ ಮಾಡೋವಾಗ ನೀನು ದನದ ಹಲ್ಲು ನೋಡ್ತೀಯ, ಕಾಲು ನೋಡ್ತೀಯ. ನನ್ನ ಮುಖಾನೂ ನೋಡ್ದೆ ನನ್ನ ಕಳ್ಸಿಬಿಟ್ಯಲ್ಲೋ! ಸೆಲೆರಿ ಹತ್ರ ಕೇಳಿದೆ, ನನ್ನ ಹತ್ರ ಕೇಳ್ಲಿಲ್ಲ!"

ಎಲಾಮ್ ಬಿಷಪ್ಪರತ್ತ ನೋಡಿದ, ಈ ಹೆಂಗಸಿನ ಸಿಟ್ಟಿಗೆ ಅವರೇನಾದರೂ ಬುದ್ಧಿ ಹೇಳುತ್ತಾರೇನೋ ಎಂದು. ಗಿಡಿಯನ್ ಹೇಳಿದರು ಕೂಡ. "ಲಿಡಿಯಾನ್, ಸಿಟ್ಟು ಒಳ್ಳೇದಲ್ಲ. ಸೂರ್ಯ ಮುಳುಗೋದ್ರೊಳಗೆ ಬಿಟ್ಬಿಡ್ಬೇಕು." ಆಮೇಲೆ ಎಲಾಮನ ಕಡೆ ತಿರುಗಿದರು. "ಅಪ್ಪನಿಗೆ ತಲೆಯಾಡ್ಸಿದ್ದೆ ಅಲ್ವೇನೋ ನೀನು? ನಾನೂ ಅಲ್ಲೇ ಇದ್ದೆ, ಮಂಚದ ಕಾಲ ಹತ್ರ. ಸೂರ್ಯ ಮುಳುಗೋಕೆ ಇನ್ನೂ ಹೊತ್ತಿದೆ. ಅಷ್ಟ್ರೊಳಗೆ ಆ ಮರಾನ ಇವ್ಳ ಅಂಗಳದಿಂದ ಎತ್ತಿಸ್ಬೋದು."

ಎಲಾಮ್ ಟೋಪಿಯ ಅಂಚನ್ನು ಸುತ್ತ ಸವರಿದ. "ತಪ್ಪಾಯ್ತು ಅಕ್ಕಾ. ಕೇಳ್ಬೇಕಿತ್ತು."

ಕ್ಷಮಿಸಬೇಕು, ಅದು ನಮ್ಮ ಕಟ್ಟಳೆ. ಲಿಡಿಯಾನ್ ಕ್ಷಮಿಸಿದಳು. ಆದರೆ ಮರದ ಕೊನೆಯ ಹಲಗೆ ಗಾಡಿಗೆ ಏರುವವರೆಗೆ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತು ನೋಡಿದಳು. ಹಲಗೆ ಹೊತ್ತವರಲ್ಲಿ ಬಡಗಿಯೂ ಇದ್ದ. ಪುದೀನದ ಮಡಿಯನ್ನು ಸುತ್ತುಬಳಸಿ ನಡೆಯುತ್ತಿದ್ದ. ಓಮರನ ಕೋಣೆ ದೊಡ್ಡಮನೆಯ ಆ ಮಗ್ಗುಲಿಗೆ ಏಳಬೇಕಾಯಿತು. ಮಲಿಂಡಾಳ ಬಟ್ಟೆ ಒಣಹಾಕುವ ಜಾಗ ಹೋಯಿತು.

ಪ್ರಭುಭೋಜನದ ದಿನ ಹೆಂಗಸರು ಜೋಡಿ ಜೋಡಿಯಾಗಿ ಒಬ್ಬರ ಪಾದ ಒಬ್ಬರು ತೊಳೆಯುವಾಗ, ಲಿಡಿಯಾನಳ ಜೋಡಿಗೆ ಮಲಿಂಡಾಳೇ ಬಂದಳು. ಬಕೀಟಿನ ನೀರು ಬೆಚ್ಚಗಿತ್ತು. ತೊಳೆದು, ಒರೆಸಿ, ಕೈ ಹಿಡಿದು, ಕೆನ್ನೆಗೆ ಮುತ್ತಿಟ್ಟ ಮೇಲೆ ಮಲಿಂಡಾ ಪಿಸುಗುಟ್ಟಿದಳು: "ಈಗ್ಲಾದ್ರೂ ಹೇಳಕ್ಕಾ, ಆ ಸೆಲೆರಿ ಯಾರದು?" ಲಿಡಿಯಾನ್ ಬಕೀಟು ಎತ್ತಿಕೊಂಡು ಹೋದಳು.

ಅದರ ಮುಂದಿನ ಸಭೆಯಲ್ಲಿ ಡೀಕನ್ ಎದ್ದುನಿಂತ. ಸುವಿಲ್ಲಾಳ ಮಗಳು ರೂತ್ ಅವತ್ತು ಬಂದಿರಲಿಲ್ಲ. ಹೆಸರು ಸಾರುವ ದಿನ ಹುಡುಗಿ ಮನೆಯಲ್ಲೇ ಇದ್ದು ಹುಡುಗನಿಗೆ ಅಡುಗೆ ಮಾಡುತ್ತಾಳೆ. ಡೀಕನ್ ಅವಳ ಹೆಸರು ಹೇಳಿದ್ದೇ ತಡ, ಗಂಡಸರ ಕಡೆಯಿಂದ ಒಬ್ಬ ಹುಡುಗ ಟೋಪಿ ತೆಗೆದುಕೊಂಡು ಬಾಗಿಲಾಚೆ ಓಡಿದ. ಹೆಂಗಸರೆಲ್ಲ ಮೊದಲು ಸುವಿಲ್ಲಾಳನ್ನು ನೋಡಿದರು, ಆಮೇಲೆ ಲಿಡಿಯಾನಳನ್ನು. ಕೊನೆಯ ಕೀರ್ತನೆ ಮುಗಿಯುವ ಮುಂಚೆಯೇ ಪಿಸುಮಾತು ಹಬ್ಬಿತ್ತು.

ಊಟದ ಮೇಜಿನಲ್ಲಿ ಒಬ್ಬೊಬ್ಬರೇ ಬಂದರು. "ಅಯ್ಯೋ ಲಿಡಿಯಾನ್, ನಾವೆಲ್ಲ ಏನೇನೋ ಅಂದ್ಕೊಂಡ್ವಲ್ಲ!" ಮಲಿಂಡಾ ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರುತ್ತಾ ನಿಟ್ಟುಸಿರಿಟ್ಟಳು. "ಆದ್ರೂ ಅಕ್ಕಾ, ಬೆನ್ಯುಯೆಲ್ ಒಳ್ಳೆಯವ್ನು. ಇಷ್ಟೆಲ್ಲಾ ಮಾತಾದ್ಮೇಲೆ ಮಾಡ್ಕೊಂಡೇಬಿಡ್ಬೋದಿತ್ತು, ಅಲ್ವಾ?"

"ಆ ಬೀಟ್‌ರೂಟು ಈ ಕಡೆ ಕೊಡು, ಮಲಿಂಡಾ," ಎಂದಳು ಲಿಡಿಯಾನ್.

ಮುಂದಿನ ಬೇಸಿಗೆ ಅವಳು ಮತ್ತೆ ಸೆಲೆರಿ ಹಾಕಿದಳು. ಈ ಸಲ ಅಂಗಡಿಯ ಹಿಂದಲ್ಲ, ಮುಂದೆ, ರಸ್ತೆಯ ಅಂಚಿಗೇ, ಹೋದ ವರ್ಷಕ್ಕಿಂತ ಉದ್ದುದ್ದ ಸಾಲು. ಗಾಡಿಗಳು ಅಲ್ಲಿ ಬಂದಾಗ ತಾವಾಗಿಯೇ ನಿಧಾನವಾಗುತ್ತಿದ್ದವು. "ಭಾನುವಾರ ವ್ಯಾಪಾರವಿಲ್ಲ" ಎಂಬ ಹಳೇ ಹಲಗೆಯ ಕೆಳಗೆ ಅವಳು ಇನ್ನೊಂದು ಹಲಗೆ ಹೊಡೆದಳು: "ಸೆಲೆರಿ ಮಾರಾಟಕ್ಕಿದೆ. ಬೇರೇನೂ ಇಲ್ಲ."

ಒಂದು ಬೆಳಿಗ್ಗೆ ಎಲಾಮ್ ಹೊಲಕ್ಕೆ ಹೋಗುವವನು ಕುದುರೆಗಳನ್ನು ನಿಲ್ಲಿಸಿ ಹಲಗೆ ಓದಿದ. ಆಮೇಲೆ ಕೆಳಗಿಳಿದು, ಅಂಗಡಿಯ ಬಾಗಿಲು ತೆರೆದೇ ಇದ್ದರೂ, ಅದರ ಚೌಕಟ್ಟನ್ನು ಬೆರಳಲ್ಲಿ ತಟ್ಟಿದ.

"ಅಕ್ಕಾ, ಮೇವಿನ ಗಾಡಿ ತಿರುಗ್ಸೋಕೆ ಆ ಕೊನೇ ಸಾಲಿನ ಪಕ್ಕ ಸ್ವಲ್ಪ ಜಾಗ ಬೇಕಿತ್ತು. ತಿರುಗಿಸ್ಲಾ?"

ಲಿಡಿಯಾನ್ ಶಾವಿಗೆಯ ಹಿಟ್ಟಿನಿಂದ ಕೈ ಎತ್ತಲಿಲ್ಲ.

"ಯೋಚ್ನೆ ಮಾಡಿ ಹೇಳ್ತೀನಿ," ಎಂದಳು. "ಅಲ್ಲೇ ನಿಂತಿರು."